ಮುದ್ರೆಯೊಡೆದ ಅಫೀಮಿನ ಗಂಟು

"ಕೇಳ್ರಪ್ಪೋ ಕೇಳಿ! ಅಫೀಮು ಇಟ್ಟುಕೊಂಡವರಿಗೆ ನೇಣು. ಅವರ ವಿಚಾರಣೆಗೆ ನ್ಯಾಯಾಧಿಕಾರಿ ಬೇಕು. ದೊರೆಯ ಮೂರು ಒಗಟು ಬಿಡಿಸಿದವನಿಗೆ ನ್ಯಾಯಪೀಠ, ತಪ್ಪಿದವನಿಗೆ ಅದೇ ನೇಣು!"

ಹೊನ್ನಗುಡ್ಡದಲ್ಲಿ ಡಂಗುರ ಸಾರಿದಾಗ, ಕತ್ತೆಗಳ ಮೇಲೆ ಉಪ್ಪು ಸಾಗಿಸುವ ಜವರ ಸೆರೆಮನೆಯ ಬಾಗಿಲಲ್ಲಿದ್ದ. ಒಳಗೆ ಅವನ ಅಕ್ಕ ಈರಿ. ಅವಳ ಬುಟ್ಟಿಯಲ್ಲಿ ಅಫೀಮು ಸಿಕ್ಕಿತೆಂದು ತಳವಾರ ಕೆಂಪಣ್ಣ ಹಿಡಿದು ತಂದಿದ್ದ.

"ಒಗಟು ಬಿಡಿಸೋಕೆ ಹೋಗಬೇಡ ಕಣೋ, ನೀನೂ ಸಾಯ್ತೀಯ," ಎಂದಳು ಈರಿ.

"ನಿನ್ನ ಬಿಟ್ಟು ಬದುಕಿ ಏನು ಮಾಡ್ಲಕ್ಕ?" ಎಂದವನೇ ಜವರ ನೆಟ್ಟಗೆ ಅರಮನೆಗೆ ನಡೆದ.

ಅಲ್ಲಿ ಪೀಠದಾಸೆಗೆ ಬಂದ ಇಬ್ಬರು ಮುಂದೆ ನಿಂತಿದ್ದರು. ದೊರೆ ಕೇಳಿದ: "ಬಾಯಿ ಕಟ್ಟಿರುವ ತನಕ ನಿಜ ಹೇಳುತ್ತದೆ, ಬಾಯಿ ಬಿಟ್ಟರೆ ಅದನ್ನು ಯಾರೂ ನಂಬಬಾರದು. ಏನದು?"

"ಮೌನವ್ರತದ ಋಷಿ," ಎಂದ ಮಂತ್ರಿಯ ಅಳಿಯ. ಭಟರು ಅವನನ್ನು ಸೆರೆಗೆ ಎಳೆದೊಯ್ದರು. "ಮುತ್ತಿನ ಚಿಪ್ಪು," ಎಂದ ಸಾಹುಕಾರನ ಮಗ. ಅವನಿಗೂ ಅದೇ ಗತಿಯಾಯಿತು.

ಈಗ ಜವರನ ಸರದಿ. ಅವನು ಹಿಂದೆ ಸರಿಯಲಿಲ್ಲ. "ಅರಗಿನ ಮುದ್ರೆ ಒತ್ತಿದ ಗಂಟು, ಮಹಾಸ್ವಾಮಿ. ಮುದ್ರೆ ಒಡೆದರೆ ಒಳಗೆ ಏನಿತ್ತೋ ಯಾರು ಬಲ್ಲರು?"

ದೊರೆ ಮುಂದಕ್ಕೆ ಬಾಗಿದ. "ಕೈಯಿಂದ ಕೈಗೆ ಬೆಸೆದ ಸರಪಣಿ, ಕಬ್ಬಿಣದ್ದಲ್ಲ. ಒಬ್ಬ 'ನೆನಪಿಲ್ಲ' ಅಂದರೆ ಸಾಕು, ತುಂಡಾಗುತ್ತದೆ."

"ಆ ಗಂಟಿನ ಕಾವಲು. ಯಾರಿಂದ ಪಡೆದೆ, ಯಾರಿಗೆ ಕೊಟ್ಟೆ ಅಂತ ಪ್ರತಿಯೊಬ್ಬನೂ ಹೇಳಬೇಕು."

"ಕೂರುವುದು ಒಬ್ಬರ ತಲೆಯ ಮೇಲೆ, ಭಾರ ಹೊರಬೇಕಾದವರು ಇನ್ನೊಬ್ಬರು. ಏನದು?"

ಭಟರು ಹತ್ತಿರ ಸರಿದರು. ಸೆರೆಯಲ್ಲಿ ಕೂತ ಅಕ್ಕನ ಮುಖ ಜವರನ ಕಣ್ಣಮುಂದೆ ಬಂತು. "ಆರೋಪ! ಕೂತಿರೋದು ನಮ್ಮಕ್ಕನ ತಲೆ ಮೇಲೆ. ರುಜುವಾತು ಮಾಡೋ ಭಾರ ತಳವಾರರದು."

"ಭೇಷ್! ಪೀಠ ನಿನ್ನದು."

"ಅಕ್ಕನ ನ್ಯಾಯ ನಾನು ಹೇಳಬಾರದು. ಅವಳ ಮೇಲೆ ಹೊರಿಸಿದ ಅಫೀಮಿನ ಗಂಟನ್ನ ತಾವೇ ತರಿಸಿ ನೋಡಿ."

ಭಟರು ಉಗ್ರಾಣದಿಂದ ಗಂಟು ತಂದರು, ಕೆಂಪಣ್ಣನನ್ನೂ ಕರೆತಂದರು. ಅದರ ಮೇಲೆ ಕೆಂಪಣ್ಣ ಒತ್ತಿದ್ದ ಅರಗಿನ ಮುದ್ರೆ ಒಡೆದಿತ್ತು.

"ಇಲಿ ಕಡಿದಿರಬೇಕು," ಎಂದು ಕೆಂಪಣ್ಣ ತೊದಲಿದ. "ಉಗ್ರಾಣಕ್ಕೆ ಕೊಟ್ಟಿದ್ದೆ. ಅಲ್ಲಿ ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ."

ದೊರೆ ಜವರನನ್ನೇ ದಿಟ್ಟಿಸಿದ. "ನಿಜ ಹೇಳು, ನಿನ್ನಕ್ಕ ನಿರಪರಾಧಿಯೇ?"

"ನನಗೆ ಗೊತ್ತು, ಅವಳು ತಪ್ಪು ಮಾಡಿಲ್ಲ. ಆದರೆ ನನ್ನ ಮಾತು ನಂಬಿ ಬಿಡಬೇಡಿ. ಈ ಗಂಟು ನಂಬಿ ನೇಣಿಗೂ ಹಾಕಬೇಡಿ."

ದೊರೆ ಈರಿಯನ್ನು ಬಿಡುಗಡೆ ಮಾಡಿದ. ಅಂದೇ ಪೀಠವೇರಿದ ಜವರ, ಸೋತ ಇಬ್ಬರನ್ನೂ ಬಿಡಿಸಿದ. ಆಮೇಲೆ ಕೆಂಪಣ್ಣನನ್ನು ಕರೆದ. "ಇನ್ನು ಮೇಲೆ ಯಾರ ಹತ್ತಿರ ಏನು ಸಿಕ್ಕರೂ ಅವರ ಕಣ್ಣೆದುರೇ ಮುದ್ರೆ ಒತ್ತಬೇಕು, ತಳವಾರರೇ."

ಕೆಂಪಣ್ಣ ತಲೆ ತಗ್ಗಿಸಿ, "ಆಗಲಿ ಸ್ವಾಮಿ," ಎಂದ.