ಬೇಲಿಯೊಳಗೆ ಬೆಳೆದ ಮರಿಗಳು

ತಾಯಿ ಸತ್ತ ಮೇಲೆ ತುಂಬೆ, ಹೊನ್ನೆ ಎಂಬ ಜಿಂಕೆಮರಿಗಳು ಮನುಷ್ಯರ ಬೇಲಿಯೊಳಗೆ ಬಾಟಲಿ ಹಾಲು ಕುಡಿದು ಬೆಳೆದವು. ಬಲಿತ ಮೇಲೆ ಅವರು ಅವನ್ನು ಕಾಡಿಗೆ ಬಿಟ್ಟರು. ಅಲ್ಲಿನ ಜಿಂಕೆ ಹಿಂಡಿನ ಅಜ್ಜಿ ಬಂದವಳೇ ಹೇಳಿದಳು: "ಮರದ ಮೇಲೆ ಕೋತಿ ಕಿರುಚಿದರೆ ಓಡಿ. ಯಾಕೆಂದು ನೋಡುತ್ತ ನಿಲ್ಲಬೇಡಿ."

ಮರುದಿನವೇ ಕೋತಿ ಕಿರುಚಿತು. ಹಿಂಡೆಲ್ಲ ಓಡಿತು. ತುಂಬೆ ಸ್ವಲ್ಪ ದೂರ ಓಡಿ, ತಿರುಗಿ ನಿಂತು, "ಬಾರೇ ಹೊನ್ನೆ!" ಎಂದು ಕೂಗಿದಳು.

"ಹೆದರಬೇಡ ಅಕ್ಕಾ, ಪೊದೆಯಲ್ಲಿರುವುದು ಬೇಲಿಯೊಳಗೆ ನಮ್ಮ ಜೊತೆ ಆಡುತ್ತಿದ್ದ ನಾಯಿಯ ಹಾಗೇ ಇದೆ," ಎಂದು ಹೊನ್ನೆ ಅದರ ಕಡೆ ಮೂಗು ಚಾಚಿದಳು. ಚಿರತೆ ಅವಳ ಕುತ್ತಿಗೆಗೇ ಬಾಯಿ ಹಾಕಿತು.

ಸಂಜೆ ತುಂಬೆ ಕೇಳಿದಳು: "ಅಜ್ಜಿ, ನೀನು ಇನ್ನೊಂದು ಸಲ ಹೇಳಿದ್ದರೆ ಅವಳು ಕೇಳುತ್ತಿದ್ದಳೋ ಏನೋ?"

"ಇಲ್ಲ ಮಗಳೇ. ನಿಲ್ಲಬೇಡಿ ಎಂದಿದ್ದರೂ ನೀನೂ ಅರ್ಧದಲ್ಲೇ ನಿಂತೆ; ಅವಳು ಸತ್ತದ್ದನ್ನು ನೋಡಿ ಇವತ್ತು ಕಲಿತೆ. ನಾನು ಕಲಿತದ್ದು ನನ್ನ ತಮ್ಮ ಸತ್ತ ದಿನ."

ಅಂದಿನಿಂದ ತುಂಬೆ ಎಲೆ ಅಲುಗಿದರೂ ಓಡುವಂತಾದಳು. ವರ್ಷಗಳು ಕಳೆದು ಅವಳೇ ಹಿಂಡಿಗೆ ಹಿರಿಯಳಾದಳು. ಬೇಲಿಯಿಂದ ಮತ್ತೆರಡು ಮರಿಗಳು ಬಂದಾಗ, ತನಗೆ ತಿಳಿದದ್ದನ್ನೆಲ್ಲ ಬಾಯಿ ಒಣಗುವವರೆಗೆ ಹೇಳಿದಳು. ಮರಿಗಳು ತಲೆಯಾಡಿಸಿ ಆಡಲು ಓಡಿದವು. ಯಾವುದು ಉಳಿಯುವುದೆಂದು ತಿಳಿಯುವ ತನಕ ಅವಳು ಅವುಗಳ ಹೆಸರು ಕೇಳಲಿಲ್ಲ.