ದಾಳಿಂಬೆ ಕೆಂಪು

ಕ್ಯಾಮೆರಾ ಎದುರಿಗಿದ್ದುದನ್ನು ಇದ್ದಂತೆಯೇ ತೋರಿಸಬೇಕು. ಅದಕ್ಕಿರುವುದು ಇದೊಂದೇ ನಿಯಮ.

ಕೈಮಗ್ಗದ ಸೀರೆಗಳ ಬಗ್ಗೆ ಬ್ಲಾಗ್ ಬರೆಯುವ ಇಂಚರಾ, ಕೈಚೀಲದಲ್ಲಿ ಹಿಡಿಸುವಂಥ ಮಿರರ್‌ಲೆಸ್ ಕ್ಯಾಮೆರಾ ಹುಡುಕುತ್ತ ಅಂಗಡಿಗೆ ಬಂದಳು. ಕಪಾಟಿನಲ್ಲಿದ್ದ ಮೂರು ಕ್ಯಾಮೆರಾಗಳು ಒಂದಾದ ಮೇಲೊಂದು ಅವಳ ಕಪ್ಪು ಮುಖವನ್ನು ಬೆಳ್ಳಗೆ ಮಾಡಿ ತೋರಿಸಿದವು. ಹಾಗೆ ಮಾಡುವಾಗ ಅವಳುಟ್ಟಿದ್ದ ಇಳಕಲ್ ಸೀರೆಯ ದಾಳಿಂಬೆ ಕೆಂಪೂ ತೆಳು ಗುಲಾಬಿಯಾಯಿತು. ಅವಳು ಮುಖವನ್ನಷ್ಟೇ ನೋಡಿ ಹಿಗ್ಗಿದಳು.

ಉಳಿದದ್ದು ನಾಲ್ಕನೆಯ ಪುಟ್ಟ ಕ್ಯಾಮೆರಾ. ಆ ಮೂರರಲ್ಲಿ ಹಿರಿಯದು ಅದಕ್ಕೆ ಹೇಳಿತು: "ತಮ್ಮಾ, ಇವತ್ತೂ ಮಾರಾಟವಾಗದಿದ್ದರೆ ನಾಳೆ ನಿನ್ನನ್ನು ಬಿಚ್ಚಿ ಬಿಡಿಭಾಗ ಮಾಡುತ್ತಾರೆ. ಒಂಚೂರು ಬೆಳ್ಳಗೆ ತೋರಿಸಿದರೆ ನಿನ್ನ ಗಂಟೇನು ಹೋಗುತ್ತದೆ?"

"ಆ ಬೆಳ್ಳಗಿನವಳನ್ನು ಇವಳು ನಾಳೆಯಿಂದ ಕನ್ನಡಿಯಲ್ಲಿ ಹುಡುಕುತ್ತಾಳೆ, ಅಣ್ಣಾ."

"ಹುಡುಕಲಿ ಬಿಡು. ಅವಳಿಗೇ ಬೇಡದ ನಿಜ ನಿನಗ್ಯಾಕೆ?"

ಅಷ್ಟರಲ್ಲಿ ಅಂಗಡಿಯವನು ಪುಟ್ಟ ಕ್ಯಾಮೆರಾವನ್ನೆತ್ತಿ ಒಂದು ಚಿತ್ರ ತೆಗೆದ. ಇಂಚರಾ ನೋಡಿ ಮುಖ ಕಿವಿಚಿದಳು. "ಇದರಲ್ಲಿ ಎಷ್ಟು ಕಪ್ಪಗೆ ಕಾಣ್ತೀನಿ. ಇನ್ನೊಂದು ಸಲ ತೆಗೀರಿ, ಅದೂ ಹೀಗೇ ಬಂದರೆ ಬೇಡ."

ಅವನು ಮತ್ತೆ ಗುಂಡಿ ಒತ್ತಿದ. ಪುಟ್ಟ ಕ್ಯಾಮೆರಾ ಅವಳನ್ನು ಕಪ್ಪಗೇ, ಸೀರೆಯನ್ನು ಕೆಂಪಗೇ ತೋರಿಸಿತು.