ಚುಕ್ಕೆ ಬಿದ್ದ ಅಲಸಂದೆ

“ಬುದ್ಧಿ, ಉಗ್ರಾಣದ ಬೀಗದ ಕೈಯನ್ನು ಚಿಕ್ಕಮಲ್ಲನಿಗೆ ಏಕೆ ಕೊಟ್ಟಿರಿ?” ಎಂದು ಶಿಷ್ಯ ಶಿವರುದ್ರ ಗುರುಗಳನ್ನು ಕೇಳಿದ.

ಅವನು ಹೀಗೆ ಕೇಳಿದ್ದು ಇದೇ ಮೊದಲಲ್ಲ. ಚಿಕ್ಕಮಲ್ಲನೂ ಮಠದ ಶಿಷ್ಯನೇ. ಹಿಂದೆ ಒಬ್ಬ ವರ್ತಕ ಅವನಿಗೆ ರೇಷ್ಮೆ ಶಾಲು ಹೊದಿಸಿ, ಮುಗ್ಗಲು ಅಕ್ಕಿಯನ್ನು ಮಠಕ್ಕೆ ದಾಟಿಸಲು ನೋಡಿದ್ದ. ಚಿಕ್ಕಮಲ್ಲ ಶಾಲನ್ನೂ ಅಕ್ಕಿಯನ್ನೂ ಹಿಂದಕ್ಕೆ ಕಳಿಸಿದ. ಆದರೂ ಅವನ ಹೆಸರು ಊರಿನ ಬಾಯಿಗೆ ಬಿತ್ತು. ಶಿವರುದ್ರನ ಹೆಸರನ್ನು ಯಾರೂ ಎತ್ತಿರಲಿಲ್ಲ. ಬೀಗದ ಕೈ ತನಗೇ ಬರಬೇಕಿತ್ತೆಂದು ಅವನಿಗೆ ಊಟವೂ ಸೇರುತ್ತಿರಲಿಲ್ಲ.

ಗುರುಗಳು ನಿಟ್ಟುಸಿರು ಬಿಟ್ಟು ಕತೆ ಹೇಳಿದರು.

ಒಬ್ಬ ರೈತನಿದ್ದ. ಅಲಸಂದೆ ಬೆಳೆಯುತ್ತಿದ್ದ. ಅಲಸಂದೆಗೆ ಹುಳ ಬೀಳುತ್ತದೆ. ಅದು ಕಾಳಿನ ಸಿಪ್ಪೆಯ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆ ಬಿಳಿ ಚುಕ್ಕೆಯಂತೆ ಅಂಟಿಕೊಂಡಿರುತ್ತದೆ. ಮರಿ ಒಳಹೊಕ್ಕು, ಕಾಳು ತಿಂದು ಬೆಳೆದು, ತೂತು ಕೊರೆದು ಹೊರಬರುತ್ತದೆ.

ಬಿತ್ತನೆಗೆ ಮುಂಚೆ ರೈತ ಮೊರ ಹಿಡಿದು ಕಾಳು ಆರಿಸುತ್ತಿದ್ದ. ತೂತು ಬಿದ್ದದ್ದು ದನಕ್ಕೆ. ಚುಕ್ಕೆಯಿದ್ದು ತೂತಿಲ್ಲದ್ದು ಸಾರಿಗೆ. ಚುಕ್ಕೆಯೇ ಇಲ್ಲದ್ದು ಬೀಜಕ್ಕೆ. ಹೀಗೆ ಆರಿಸಿ ಬಿತ್ತಿದರೂ ಬೆಳೆದ ಕಾಳು ವರ್ಷವರ್ಷವೂ ಗಡಿಗೆಯಲ್ಲೇ ಹಿಟ್ಟಾಗುತ್ತಿತ್ತು. ಅವನು ಬೂದಿ ಬೆರೆಸಿದ, ಬೇವಿನ ಸೊಪ್ಪು ಹಾಕಿದ, ಗಡಿಗೆ ಸರಿಯಿಲ್ಲವೆಂದು ಕುಂಬಾರನ ಮೇಲೆ ಜಗಳಕ್ಕೆ ಹೋದ.

ಒಂದು ವರ್ಷ ಮಳೆ ಬೇಗ ಹಿಡಿಯಿತು. ಬೀಜದ ಗಡಿಗೆ ಬಿಚ್ಚಿದರೆ ಒಂದು ಕಾಳೂ ಉಳಿದಿರಲಿಲ್ಲ. ರೈತ ತಲೆಯ ಮೇಲೆ ಕೈಹೊತ್ತು ಕೂತ. ಹೆಂಡತಿ ಅಡುಗೆಮನೆಯಿಂದ ಇನ್ನೊಂದು ಗಡಿಗೆ ತಂದು ಅವನ ಮುಂದೆ ಕುಕ್ಕಿದಳು. ಹಿಂದಿನ ವರ್ಷ ಸಾರಿಗೆಂದು ತೆಗೆದಿಟ್ಟು ಮಿಕ್ಕಿದ ಕಾಳು ಅದು. ಮೈಮೇಲೆ ಚುಕ್ಕೆ ಹಾಗೇ ಇತ್ತು. ತೂತು ಮಾತ್ರ ಇರಲಿಲ್ಲ.

“ಮೊಟ್ಟೆ ಬಿದ್ದ ಕಾಳನ್ನು ಬಿತ್ತು ಅನ್ನುತ್ತೀಯಾ?” ಎಂದ ರೈತ.

ಅವಳು ಒಂದು ಕಾಳನ್ನು ಕಲ್ಲಿನಲ್ಲಿ ಒಡೆದು ಅಂಗೈಮೇಲಿಟ್ಟು ತೋರಿಸಿದಳು. ಕಾಳು ಗಟ್ಟಿಯಾಗಿತ್ತು. ಸಿಪ್ಪೆಯ ಒಳಮೈಗೆ ಸಾಸಿವೆಗಿಂತ ಸಣ್ಣ ಮರಿಯೊಂದು ಸತ್ತು ಒಣಗಿತ್ತು.

“ಹುಳವನ್ನೇ ಕೊಂದ ಕಾಳು ಇದು. ಇಷ್ಟು ವರ್ಷ ಇದನ್ನೇ ಸಾರು ಮಾಡಿಸಿಕೊಂಡು ಉಂಡಿರಲ್ಲ, ಬಡಿಸಿ ಬಡಿಸಿ ನನಗೆ ಸಾಕಾಗಿದೆ” ಎಂದಳು.

ಬೇರೆ ದಾರಿಯಿಲ್ಲದೆ ರೈತ ಅದನ್ನೇ ಬಿತ್ತಿದ. ಆ ಬೆಳೆಯ ಗಡಿಗೆ ಮುಂದಿನ ಮಳೆಗೆ ಬಿಚ್ಚಿದಾಗ ತುಂಬಿಯೇ ಇತ್ತು.

ಶಿವರುದ್ರನಿಗೆ ರೇಗಿಹೋಯಿತು. “ಎಂಥ ಮಂಕುಬುದ್ಧಿ ಆ ರೈತನದು. ಚುಕ್ಕೆಯಿಲ್ಲದ್ದು ಗಟ್ಟಿ ಕಾಳೆಂದು ಯಾರು ಹೇಳಿದ್ದರು ಅವನಿಗೆ? ಅದರ ಹತ್ತಿರ ಹುಳ ಇನ್ನೂ ಸುಳಿದೇ ಇರಲಿಲ್ಲ, ಅಷ್ಟೇ.”

ಗುರುಗಳು ಏಳುತ್ತಾ ಹೇಳಿದರು: “ನೀನೂ ಗಟ್ಟಿ ಕಾಳೇ ಇರಬಹುದಪ್ಪ, ನಿನ್ನ ಮೇಲೆ ಇನ್ನೂ ಮೊಟ್ಟೆ ಬಿದ್ದಿಲ್ಲ.”